ಎದೆಬಡಿತದ ಮಾತ್ರೆ ನಡೆಯುತ್ತಿರುವಾಗ ರೇಡಿಯೋ ಅಯೋಡಿನ್: ಮೊದಲು ತಾರೀಕು ಲೆಕ್ಕ ಹಾಕಿ

ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್, ಅಂದರೆ ಗ್ರಂಥಿ ಹೀರಿಕೊಳ್ಳುವ, ವಿಕಿರಣ ಸೂಸುವ ಅಯೋಡಿನ್, ಆಗಬೇಕೆಂದು ವೈದ್ಯರು ಬರೆದುಕೊಟ್ಟರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಬಂಗುಡೆ ತಿನ್ನಬಹುದೇ, ಗಂಜಿಗೆ ಯಾವ ಉಪ್ಪು ಎಂಬುದು. ಕೇಳಬೇಕಾದ ಪ್ರಶ್ನೆಯೇ. ಆದರೆ ರೋಗಿಗೆ ಎದೆಬಡಿತದ ಲಯ ತಪ್ಪುವ ತೊಂದರೆಯೂ ಇದ್ದರೆ, ಉಪ್ಪಿನ ಡಬ್ಬಿಗೆ ಮೊದಲು ಮದ್ದಿನ ಡಬ್ಬಿ ತೆರೆಯಿರಿ. ಅದರಲ್ಲಿ ಲಯ ಹಿಡಿಯುವ, ಅಯೋಡಿನ್ ತುಂಬಿದ ಅಮಿಯೋಡರೋನ್ ಮಾತ್ರೆ ಇದ್ದರೆ ಚಿಕಿತ್ಸೆಯ ತಾರೀಕು ವಾರಗಳಲ್ಲ, ತಿಂಗಳುಗಳಷ್ಟು ಮುಂದೆ ಹೋಗುತ್ತದೆ.

ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಕೆಲವರಿಗೆ ಅಮಿಯೋಡರೋನ್ ಕೊಟ್ಟಿರುವುದು ಹೃದಯದ ಕೆಳಗಿನ ಕೋಣೆಗಳಲ್ಲಿ ಏಳುವ, ಜೀವಕ್ಕೇ ಎರವಾಗುವ ಓಟವನ್ನು ತಡೆಯಲಿಕ್ಕೆ. ನಿಲ್ಲಿಸಿದ್ದರಿಂದ ಥೈರಾಯ್ಡ್‌ಗೆ ಆಗುವ ಲಾಭ ತಿಂಗಳುಗಟ್ಟಲೆ ಕಾಣಿಸುವುದಿಲ್ಲ. ಲಯ ತಪ್ಪುವುದು ಮಾತ್ರ ಯಾವ ದಿನವೂ ಆಗಬಹುದು.

ಸ್ಟ್ರಿಪ್‌ನಲ್ಲಿ ಏನು ಬರೆದಿದೆ

ದೊಡ್ಡಕ್ಷರದ ಬ್ರಾಂಡ್ ಹೆಸರನ್ನು ಬಿಡಿ, ಕೆಳಗಿನ ಸಣ್ಣಕ್ಷರದ ರಾಸಾಯನಿಕ ಹೆಸರು ಓದಿ. ಅಮಿಯೋಡರೋನ್ ಹೈಡ್ರೋಕ್ಲೋರೈಡ್ ಎಂದಿದ್ದರೆ ಈ ಲೇಖನ ನಿಮಗೆ. ಕಾರ್ಡರೋನ್ ಎಂಬ ಹೆಸರಲ್ಲಿ 100 ಮತ್ತು 200 ಮಿಲಿಗ್ರಾಂ ಮಾತ್ರೆಗಳು ಬಹಳ ಕಾಲದಿಂದ ಸಿಗುತ್ತವೆ, ಬೇರೆ ಹೆಸರುಗಳೂ ಇವೆ. ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್, ಸೊಟಲಾಲ್, ಫ್ಲೆಕೈನೈಡ್, ಇವು ಯಾವುದರಲ್ಲೂ ಅಯೋಡಿನ್ ಇಲ್ಲ. ರೇಡಿಯೋ ಅಯೋಡಿನ್ ಗ್ರಂಥಿಗೆ ಸೇರುವುದನ್ನು ಇವು ತಡೆಯುವುದೂ ಇಲ್ಲ. ಇವುಗಳ ತಕರಾರು ಬೇರೆ, ಅದು ಮುಂದೆ ಬರುತ್ತದೆ.

ಮಾತ್ರೆ ಮಾತ್ರ ನೋಡಿದರೆ ಸಾಲದು. ಎದೆ ಡವಡವ ಎಂದು ರಾತ್ರಿ ಕ್ಯಾಶುವಾಲಿಟಿಗೆ ಹೋದವರಿಗೆ ಅಮಿಯೋಡರೋನನ್ನು ನರದ ಮೂಲಕ ಕೊಡುವುದು ಸಾಮಾನ್ಯ. ಒಂದು ದಿನದಲ್ಲಿ ಸುಮಾರು 1000 ಮಿಲಿಗ್ರಾಂ ಒಳಗೆ ಹೋಗಿರುತ್ತದೆ. ಮನೆಗೆ ಬರುವಾಗ ಚೀಟಿಯಲ್ಲಿ ಬೇರೆ ಮಾತ್ರೆ ಇರುತ್ತದೆ, ಡ್ರಿಪ್‌ನಲ್ಲಿ ಏನಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಕಳೆದ ಒಂದು ವರ್ಷದ ಡಿಸ್ಚಾರ್ಜ್ ಸಮ್ಮರಿಗಳನ್ನೆಲ್ಲ ಹುಡುಕಿ ತೆಗೆದು, ಈ ಹೆಸರು ಇದೆಯೇ ಎಂದು ಸಾಲು ಸಾಲಾಗಿ ನೋಡಿ.

ಇಷ್ಟು ಕಾಯಿಸುವುದು ಯಾಕೆ

ಅಮಿಯೋಡರೋನಿನ ತೂಕದಲ್ಲಿ ಸುಮಾರು 37 ಶೇಕಡಾ ಅಯೋಡಿನ್. 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ. ಅದರಲ್ಲಿ ದಿನಕ್ಕೆ 6ರಿಂದ 7 ಮಿಲಿಗ್ರಾಂ, ಅಂದರೆ 6000 ಮೈಕ್ರೋಗ್ರಾಂಗಿಂತ ಹೆಚ್ಚು, ಬಿಡಿ ಅಯೋಡಿನ್ ಆಗಿ ರಕ್ತಕ್ಕೆ ಸೇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ನಲವತ್ತು ಪಟ್ಟು ಹೆಚ್ಚಾಯಿತು.

ಥೈರಾಯ್ಡ್ ಗ್ರಂಥಿಗೆ ಮಾಮೂಲಿ ಅಯೋಡಿನ್ ಯಾವುದು, ವಿಕಿರಣ ಸೂಸುವ ಐ-131 ಯಾವುದು ಎಂಬ ಭೇದ ತಿಳಿಯುವುದಿಲ್ಲ. ಬಸ್ಸು ಮೊದಲೇ ತುಂಬಿ ಬಂದರೆ ನಿಲ್ದಾಣದಲ್ಲಿ ನಿಂತವರು ಅಲ್ಲೇ ಉಳಿದ ಹಾಗೆ, ಐ-131 ಒಳಗೆ ಹೋಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, 15 ಮಿಲಿಕ್ಯೂರಿ (ವಿಕಿರಣದ ಅಳತೆ) ಕೊಟ್ಟು ಗ್ರಂಥಿ ಅರ್ಧ ಹೀರಿದರೆ ಏಳೂವರೆ ಮಿಲಿಕ್ಯೂರಿ ಕೆಲಸಕ್ಕೆ ಸಿಗುತ್ತದೆ. ಅಮಿಯೋಡರೋನ್ ತುಂಬಿದ ಗ್ರಂಥಿ 2 ಶೇಕಡಾ ಹೀರಿದರೆ ಸಿಗುವುದು 0.3 ಮಿಲಿಕ್ಯೂರಿ. ಮೈಗೆ ವಿಕಿರಣ ತಾಗಿದ್ದು ತಾಗಿಯೇ ತಾಗಿತು, ರೋಗ ಇದ್ದಲ್ಲೇ ಇತ್ತು. ಡೋಸ್ ಹೆಚ್ಚಿಸಿದರಾಯಿತು ಎಂದು ಕೆಲವರು ಕೇಳುವುದುಂಟು. ಇಂಥ ಗ್ರಂಥಿಗೆ ಅದು ಪರಿಹಾರವಲ್ಲ.

ಮಾತ್ರೆ ನಿಲ್ಲಿಸಿದ ಮೇಲೂ ಇದು ಬೇಗ ತೀರುವುದಿಲ್ಲ. ಅಮಿಯೋಡರೋನ್ ಕೊಬ್ಬಿನಲ್ಲಿ, ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಸರಾಸರಿ 50ರಿಂದ 60 ದಿನ ಬೇಕು, ಕೆಲವರಿಗೆ 100 ದಿನವೂ ಆಗುತ್ತದೆ. 60 ದಿನದ ಲೆಕ್ಕ ಹಿಡಿದರೆ ಎರಡು ತಿಂಗಳಿಗೆ ಅರ್ಧ, ನಾಲ್ಕು ತಿಂಗಳಿಗೆ ಕಾಲು, ಆರು ತಿಂಗಳಿಗೆ ಎಂಟನೇ ಒಂದು ಭಾಗ. ದಿನಕ್ಕೆ 6000 ಮೈಕ್ರೋಗ್ರಾಂ ಬರುತ್ತಿದ್ದ ಕಡೆ ಆರು ತಿಂಗಳ ಮೇಲೂ ಹೆಚ್ಚುಕಡಿಮೆ 750 ಬರುತ್ತಿರಬಹುದು. ಮಾರ್ಗಸೂಚಿಗಳು ಹೇಳುವ 3ರಿಂದ 6 ತಿಂಗಳ ಅಂತರ ಕೆಲವರಿಗೆ ಸಾಲದೆ ಹೋಗುವುದು ಇದರಿಂದಲೇ. ವರ್ಷಗಟ್ಟಲೆ ತಿಂದವರಿಗೆ, ಮೈತೂಕ ಹೆಚ್ಚಿರುವವರಿಗೆ ಇನ್ನೂ ತಡ.

ಹೃದಯದ ವೈದ್ಯರಲ್ಲಿ ಕೇಳಬೇಕಾದದ್ದು

ಕಾಸರಗೋಡಿನ ಕಡೆಯ ನಿಜವಾದ ತೊಡಕು ಇಲ್ಲಿದೆ. ಹೃದಯದ ವೈದ್ಯರು ಮಂಗಳೂರಿನಲ್ಲಿ, ಥೈರಾಯ್ಡ್ ನೋಡುವವರು ಕಣ್ಣೂರಿನಲ್ಲೋ ಕೋಝಿಕ್ಕೋಡಿನಲ್ಲೋ, ರಕ್ತಪರೀಕ್ಷೆ ಬದಿಯಡ್ಕದ ಅಥವಾ ಕುಂಬಳೆಯ ಲ್ಯಾಬಿನಲ್ಲಿ. ಒಬ್ಬರ ಚೀಟಿ ಇನ್ನೊಬ್ಬರ ಮೇಜಿಗೆ ಹೋಗುವುದು ನೀವು ಒಯ್ದರೆ ಮಾತ್ರ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನೆನಪಿರುವವರಿಗೆ, ಕಾಗದಪತ್ರದ ಒಂದು ಪ್ರತಿ ಮನೆಯಲ್ಲೇ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದಕ್ಕೆ ಒಂದು ಹಾಳೆ ಸಾಕು. ಮದ್ದಿನ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಿರಿ, ಮಲಯಾಳ ಓದುವ ನರ್ಸಿಗೂ ಕನ್ನಡ ಓದುವ ಫಾರ್ಮಸಿಯವರಿಗೂ ಅದು ತಿಳಿಯುತ್ತದೆ. ಅಮಿಯೋಡರೋನ್ ಶುರುವಾದ ತಾರೀಕು, ಈಗಿನ ಪ್ರಮಾಣ, ನಿಲ್ಲಿಸಿದ್ದರೆ ಕೊನೆಯ ಮಾತ್ರೆಯ ತಾರೀಕು. ಕೊನೆಯ ಆಂಜಿಯೋಗ್ರಾಂ ಅಥವಾ ಕಾಂಟ್ರಾಸ್ಟ್, ಅಂದರೆ ಅಯೋಡಿನ್ ಇರುವ ದ್ರವ, ಹಾಕಿದ ಸಿಟಿ ಸ್ಕ್ಯಾನಿನ ತಾರೀಕು. ರಕ್ತ ತೆಳುವಾಗಿಸುವ ಮಾತ್ರೆ ಯಾವುದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ತೋರಿಸುವ ಕೊನೆಯ ಐಎನ್‌ಆರ್ ಎಷ್ಟು. ಕಿಡ್ನಿಯ ಕ್ರಿಯಾಟಿನಿನ್ ಎಷ್ಟು, ಏಕೆಂದರೆ ಅಯೋಡಿನ್ ಹೊರಹೋಗುವುದು ಕಿಡ್ನಿಯ ಮೂಲಕ.

ಈ ಹಾಳೆ ಹಿಡಿದು ಹೃದಯದ ವೈದ್ಯರಲ್ಲಿ ಕೇಳುವ ಪ್ರಶ್ನೆ ಸರಳ: ಈ ಲಯದೋಷಕ್ಕೆ ಅಮಿಯೋಡರೋನ್ ಬಿಟ್ಟು ಬೇರೆ ಮಾತ್ರೆ ಆಗುತ್ತದೆಯೇ? ಮೇಲಿನ ಕೋಣೆಯ ಕಂಪನ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಆಗಿದ್ದು ಬಡಿತದ ವೇಗ ಮಾತ್ರ ಹಿಡಿದರೆ ಸಾಕಾದರೆ, ಮೆಟೊಪ್ರೊಲಾಲ್ ಜಾತಿಯ ಬೀಟಾ ಬ್ಲಾಕರ್ ಅಥವಾ ಡಿಲ್ಟಿಯಾಜೆಮ್‌ನಿಂದ ಎಷ್ಟೋ ಸಲ ಕೆಲಸ ನಡೆಯುತ್ತದೆ. ಥೈರಾಯ್ಡ್ ಅತಿಯಾಗಿರುವುದರಿಂದಲೇ ಕಂಪನ ಬಂದಿದ್ದರೆ, ಥೈರಾಯ್ಡ್ ಹದಕ್ಕೆ ಬಂದ ಮೇಲೆ ಲಯ ತಾನಾಗಿ ಸರಿಹೋಗುವ ಸಾಧ್ಯತೆಯೂ ಇದೆ. ಬೇರೆ ಮದ್ದುಗಳಿಗೆ ಅವುಗಳದೇ ಕಟ್ಟುಪಾಡು ಇದೆ. ಫ್ಲೆಕೈನೈಡ್ ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಸಲ್ಲದು. ಸೊಟಲಾಲಿನ ಪ್ರಮಾಣ ಕಿಡ್ನಿ ನೋಡಿ ನಿರ್ಧಾರವಾಗಬೇಕು, ಇಸಿಜಿಯಲ್ಲಿ ಕ್ಯೂಟಿ ಅಂತರ (ಪ್ರತಿ ಬಡಿತದಲ್ಲಿ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು, ತೀರಾ ಉದ್ದವಾದರೆ ಲಯ ಕೆಡಬಹುದು) ಅಳೆಯಬೇಕು. ಡ್ರೊನೆಡರೋನ್ ಅಮಿಯೋಡರೋನಿನ ದಾಯಾದಿಯಾದರೂ ಅದರಲ್ಲಿ ಅಯೋಡಿನ್ ಇಲ್ಲ, ಆದರೆ ಹೃದಯದ ಬಲ ತೀರಾ ಕುಂದಿದವರಿಗೂ ಕಂಪನ ಶಾಶ್ವತವಾಗಿ ನೆಲೆಸಿದವರಿಗೂ ಅದನ್ನು ಕೊಡುವುದಿಲ್ಲ.

ಅಮಿಯೋಡರೋನ್ ಬಿಡಲಾಗದು ಎಂದು ಉತ್ತರ ಬಂದರೆ ರೇಡಿಯೋ ಅಯೋಡಿನಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಥೈರಾಯ್ಡ್ ಹಾರ್ಮೋನು ತಯಾರಾಗುವುದನ್ನು ತಗ್ಗಿಸುವ ಕಾರ್ಬಿಮಝೋಲ್ ಮಾತ್ರೆ ಅಥವಾ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿ. ಅಮಿಯೋಡರೋನ್ ಇನ್ನೂ ಶುರುವಾಗಿಲ್ಲ, ಶುರು ಮಾಡುವ ಯೋಚನೆ ಇದೆ ಎಂದಾದರೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ರೇಡಿಯೋ ಅಯೋಡಿನ್ ಮೊದಲು, ಅಮಿಯೋಡರೋನ್ ಆಮೇಲೆ ಎಂಬ ಕ್ರಮ ಸಾಧ್ಯವೇ ಎಂದು ಆಗಲೇ ಕೇಳಬಹುದು.

ಅಮಿಯೋಡರೋನೇ ಥೈರಾಯ್ಡ್ ಕೆಡಿಸಿದ್ದರೆ

ಈ ಮಾತ್ರೆ ತಿಂದವರಲ್ಲಿ ಕೆಲವರಿಗೆ ಥೈರಾಯ್ಡ್ ಮಂದವಾಗುತ್ತದೆ. ಅದಕ್ಕೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ ಸಾಕು, ಅಮಿಯೋಡರೋನ್ ಮುಂದುವರಿಸಬಹುದು. ಇನ್ನು ಕೆಲವರಿಗೆ ಅತಿಯಾಗುತ್ತದೆ, ಮತ್ತು ಅದರಲ್ಲಿ ಎರಡು ಬಗೆ. ಮೊದಲೇ ಗಳಗಂಡವೋ ಗಂಟುಗಳೋ ಇದ್ದ ಗ್ರಂಥಿ ಸಿಕ್ಕಿದ ಅಯೋಡಿನನ್ನೆಲ್ಲ ಬಳಸಿ ಹಾರ್ಮೋನು ಹೆಚ್ಚು ತಯಾರಿಸುವುದು ಒಂದು, ಇದಕ್ಕೆ ಕಾರ್ಬಿಮಝೋಲ್. ಮದ್ದಿನ ಹೊಡೆತಕ್ಕೆ ಗ್ರಂಥಿ ಒಡೆದು ಒಳಗಿದ್ದ ಹಾರ್ಮೋನು ಸೋರುವುದು ಇನ್ನೊಂದು, ಇದಕ್ಕೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್. ಎರಡೂ ಬೆರೆತು ಬರುವುದೂ ಇದೆ. ಯಾವ ಬಗೆಯಾದರೂ ಆ ಹಂತದಲ್ಲಿ ಗ್ರಂಥಿಯ ಹೀರುವಿಕೆ ತೀರಾ ಕಡಿಮೆ ಇರುತ್ತದೆ, ಹಾಗಾಗಿ ರೇಡಿಯೋ ಅಯೋಡಿನ್ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಮದ್ದಿಗೆ ಬಗ್ಗದೆ ಹೃದಯ ಸೋಲುತ್ತಿದ್ದರೆ ಗ್ರಂಥಿಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆಗೆ ವೈದ್ಯರು ಬರುತ್ತಾರೆ. ಮುಂದೊಂದು ದಿನ ಮತ್ತೆ ಅಮಿಯೋಡರೋನ್ ಬೇಕೇ ಬೇಕಾಗುವ ರೋಗಿಗೆ, ಅಯೋಡಿನ್ ಖಾಲಿಯಾಗಿ ಹೀರುವಿಕೆ ಮರಳಿದ ಮೇಲೆ ಐ-131 ಕೊಟ್ಟು ಗ್ರಂಥಿಯನ್ನು ಮುಗಿಸಿಬಿಡುವುದುಂಟು.

ಕಾಯುವ ಅವಧಿಗಳು

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದವರು ಸಾಮಾನ್ಯವಾಗಿ ಕೇಳುವ ಅಂತರಗಳು ಇವು:

ಅಮಿಯೋಡರೋನ್: 3ರಿಂದ 6 ತಿಂಗಳು, ಪರೀಕ್ಷೆ ಹೇಳಿದರೆ ಇನ್ನೂ ಹೆಚ್ಚು.
ಆಂಜಿಯೋಗ್ರಾಂ, ಸಿಟಿ ಕಾಂಟ್ರಾಸ್ಟ್: 4ರಿಂದ 8 ವಾರ.
ಬೆಟಾಡಿನ್‌ನಂಥ ಪೊವಿಡೋನ್ ಅಯೋಡಿನ್: 2ರಿಂದ 3 ವಾರ.
ಅಯೋಡಿನ್ ಇರುವ ವಿಟಮಿನ್ ಮಾತ್ರೆ: 7ರಿಂದ 10 ದಿನ.
ಕಾರ್ಬಿಮಝೋಲ್: 3ರಿಂದ 7 ದಿನ ಮೊದಲು ನಿಲ್ಲಿಸಿ, ಬೇಕಾದರೆ ಅಷ್ಟೇ ದಿನ ಬಿಟ್ಟು ಮತ್ತೆ ಶುರು.

ಹೃದ್ರೋಗಿಗಳಲ್ಲಿ ಲೆಕ್ಕ ತಪ್ಪಿಸುವುದು ಹೆಚ್ಚಾಗಿ ಎರಡನೆಯದು. ಅಮಿಯೋಡರೋನ್ ನಿಲ್ಲಿಸಿ ಐದು ತಿಂಗಳು ಕಾದಿರುತ್ತಾರೆ, ಅಷ್ಟರಲ್ಲಿ ಎದೆನೋವೆಂದು ಆಂಜಿಯೋಗ್ರಾಂ ಆಗುತ್ತದೆ. 100 ಮಿಲಿಲೀಟರ್ ಕಾಂಟ್ರಾಸ್ಟ್‌ನಲ್ಲಿ 30 ಗ್ರಾಂಗೂ ಮಿಕ್ಕಿ ಅಯೋಡಿನ್. ಇದರ ಬಹುಪಾಲು ಕಿಡ್ನಿಯ ಮೂಲಕ ಬೇಗ ಹೊರಬೀಳುವುದರಿಂದ ವಾರಗಳಲ್ಲಿ ಮುಗಿಯುತ್ತದೆ, ಆದರೂ ಎಣಿಕೆ ಅಲ್ಲಿಂದ ಮತ್ತೆ ಶುರು. ಬೇಕಾದ ಆಂಜಿಯೋಗ್ರಾಂ ಮುಂದೂಡಬೇಡಿ, ರೇಡಿಯೋ ಅಯೋಡಿನ್ ವಿಭಾಗಕ್ಕೆ ಒಂದು ಫೋನ್ ಮಾಡಿ. ತೋಟದಲ್ಲಿ ಕತ್ತಿ ತಾಗಿದರೆ ಬೆಟಾಡಿನ್ ಹಚ್ಚುವುದು, ಗಂಟಲು ನೋವಿಗೆ ಅದರಲ್ಲೇ ಬಾಯಿ ಮುಕ್ಕಳಿಸುವುದು ನಮ್ಮಲ್ಲಿ ರೂಢಿ. ಆ ಕೊನೆಯ ವಾರಗಳಲ್ಲಿ ಸೋಪು ನೀರು, ಕ್ಲೋರ್‌ಹೆಕ್ಸಿಡಿನ್ ಬಳಸಿ. ಥೈರಾಯ್ಡ್‌ಗೆಂದು ಮಾರುವ ಕಡಲಪಾಚಿಯ ಪುಡಿ ಮನೆಯಲ್ಲಿದ್ದರೆ ಅದನ್ನೂ ತೋರಿಸಿ ಹೇಳಿ.

ಅವಧಿ ಮುಗಿದಿದೆ ಎಂದು ತಾರೀಕೊಂದನ್ನೇ ನಂಬಿ ಹೋಗಬೇಡಿ. ಎರಡು ಪರೀಕ್ಷೆಗಳಿವೆ. ಮೂತ್ರದಲ್ಲಿ ಅಯೋಡಿನ್ ಅಳೆಯುವುದು ಒಂದು: ಸಾಮಾನ್ಯ ಜನರಲ್ಲಿ ಲೀಟರಿಗೆ 100ರಿಂದ 199 ಮೈಕ್ರೋಗ್ರಾಂ ಇರುವ ಕಡೆ, ಅಮಿಯೋಡರೋನ್ ತಿನ್ನುವವರಲ್ಲಿ ಸಾವಿರಗಳಲ್ಲಿ ಬರುತ್ತದೆ. ಇನ್ನೊಂದು, ತೀರಾ ಸಣ್ಣ ಪ್ರಮಾಣದ ರೇಡಿಯೋ ಅಯೋಡಿನ್ ಕೊಟ್ಟು 24 ಗಂಟೆಯ ಹೀರುವಿಕೆ ನೋಡುವುದು. ಆರೋಗ್ಯವಂತ ಗ್ರಂಥಿ ಹೆಚ್ಚುಕಡಿಮೆ 10ರಿಂದ 30 ಶೇಕಡಾ ಹೀರುತ್ತದೆ. 3 ಎಂದೋ 4 ಎಂದೋ ಬಂದರೆ ಇನ್ನೂ ಕಾಯಬೇಕು. ಇವನ್ನು ಮೊದಲೇ ಮಾಡಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಐ-131 ಎಂಟು ದಿನಕ್ಕೆ ಅರ್ಧವಾಗುವ ವಸ್ತು. ನಿಮ್ಮ ಹೆಸರಿಗೆ ಮುಂಬಯಿಯಿಂದ ತರಿಸಿದ ಡೋಸ್ ಅನ್ನು ಕಪಾಟಿನಲ್ಲಿಟ್ಟು ಮುಂದಿನ ತಿಂಗಳು ಕೊಡುವ ಹಾಗಿಲ್ಲ.

ಊಟದ ಮಾತು

ಅಮಿಯೋಡರೋನ್ ಮೈಯಲ್ಲಿ ತುಂಬಿರುವಾಗ ಪಥ್ಯ ಮಾಡಿ ಪ್ರಯೋಜನವಿಲ್ಲ. ಸಾವಿರಗಳ ಲೆಕ್ಕದಲ್ಲಿ ನೂರು ಉಳಿಸಿದ ಹಾಗೆ. ಅದು ಖಾಲಿಯಾದ ಮೇಲೆ, ಮುಖ್ಯವಾಗಿ ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಗೆ, 1ರಿಂದ 2 ವಾರ ದಿನಕ್ಕೆ 50 ಮೈಕ್ರೋಗ್ರಾಂ ಒಳಗಿನ ಪಥ್ಯ ಹೇಳುತ್ತಾರೆ.

ಬಿಡಬೇಕಾದದ್ದು ಕಡಲ ಮೀನು, ಒಣಮೀನು, ಸಿಗಡಿ, ಮೊಟ್ಟೆಯ ಹಳದಿ, ಹಾಲು, ಮೊಸರು, ಮಜ್ಜಿಗೆ, ಬೇಕರಿ ತಿಂಡಿ, ಹೊಟೇಲಿನ ಊಟ, ಕೆಂಪು ಚೆರ್ರಿ ಹಾಕಿದ ಸಿಹಿ. ತಂಬುಳಿಯೂ ಮಜ್ಜಿಗೆಹುಳಿಯೂ ಇದರಲ್ಲೇ ಬಂತು. ಕುಚ್ಚಲಕ್ಕಿ ಗಂಜಿ, ನೀರುದೋಸೆ, ತೆಂಗಿನಕಾಯಿ ಚಟ್ನಿ, ತೊಂಡೆಕಾಯಿ, ಬಾಳೆಕಾಯಿ, ಹಲಸಿನಕಾಯಿ ಪಲ್ಯ, ಬೇಳೆ ಸಾರು ಧಾರಾಳ ಆಗುತ್ತವೆ, ಮನೆಯಲ್ಲೇ ಅಯೋಡಿನ್ ಇಲ್ಲದ ಉಪ್ಪು ಹಾಕಿ ಮಾಡಿದರೆ. ಅಂಗಡಿಯ ಕಲ್ಲುಪ್ಪಿನಲ್ಲೂ ಈಗ ಅಯೋಡಿನ್ ಸೇರಿಸಿರುತ್ತಾರೆ. ಸೈಂಧವ ಉಪ್ಪು, ಮಲಯಾಳದಲ್ಲಿ ಇಂದುಪ್ಪು ಎಂದು ಮಾರುವುದು, ಅದರ ಪ್ಯಾಕೆಟ್ಟನ್ನೂ ಓದಿಯೇ ತನ್ನಿ. ಹಳೆಯ ಉಪ್ಪಿನಕಾಯಿ, ಉಪ್ಪುಸೊಳೆ, ಹಪ್ಪಳ ಯಾವ ಉಪ್ಪಿನದೆಂದು ನೆನಪಿಲ್ಲದಿದ್ದರೆ ಆ ಎರಡು ವಾರ ಬೇಡ.

ಹೃದ್ರೋಗಿಗೆ ಇಲ್ಲಿ ಎರಡು ಅಪಾಯಗಳಿವೆ. ಉಪ್ಪೇ ಬೇಡವೆಂದು ಪೂರ್ತಿ ಬಿಟ್ಟರೆ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವ ವಯಸ್ಸಾದವರಲ್ಲಿ ಸೋಡಿಯಂ ಇಳಿದು ತಲೆಸುತ್ತು, ಮಂಕು ಬರುತ್ತದೆ. ಕಡಿಮೆ ಮಾಡಬೇಕಾದದ್ದು ಅಯೋಡಿನ್, ಉಪ್ಪನ್ನಲ್ಲ. ಎರಡನೆಯದು, ಬಿಪಿ ಇದ್ದವರಿಗೆಂದು ಮಾರುವ ಬದಲಿ ಉಪ್ಪು. ಅದು ಪೊಟ್ಯಾಸಿಯಂ ಕ್ಲೋರೈಡ್. ಸ್ಪೈರನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಜಾತಿಯ ಮಾತ್ರೆಯ ಜೊತೆ ಅದನ್ನು ಹಾಕಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಲಯವೇ ಕೆಡಬಹುದು.

ಕ್ಯಾನ್ಸರಿಗಾಗಿ ಹಾರ್ಮೋನು ನಿಲ್ಲಿಸುವವರು

ಟಿಎಸ್‌ಎಚ್ (ಅಯೋಡಿನ್ ಹೀರುವಂತೆ ಥೈರಾಯ್ಡ್ ಜೀವಕೋಶಗಳನ್ನು ಎಬ್ಬಿಸುವ ಹಾರ್ಮೋನು) 30ರ ಮೇಲೆ ಏರಲೆಂದು ಲೆವೊಥೈರಾಕ್ಸಿನನ್ನು 3ರಿಂದ 4 ವಾರ ನಿಲ್ಲಿಸುವ ಪದ್ಧತಿ ಇದೆ. ಆ ವಾರಗಳಲ್ಲಿ ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಬರಿದಾಗುತ್ತದೆ, ಹೃದಯ ನಿಧಾನವಾಗುತ್ತದೆ, ಕ್ಯೂಟಿ ಅಂತರ ಉದ್ದವಾಗುತ್ತದೆ. ಬೀಟಾ ಬ್ಲಾಕರ್ ತಿನ್ನುವವರ ನಾಡಿ 50ಕ್ಕಿಂತ ಕೆಳಗೆ ಹೋಗಬಹುದು, ಸೊಟಲಾಲ್ ತಿನ್ನುವವರಿಗೆ ಅಪಾಯಕಾರಿ ಲಯದೋಷ ಬರಬಹುದು. ಮಧ್ಯದಲ್ಲಿ ಒಂದು ಇಸಿಜಿ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಪರೀಕ್ಷೆ ಮಾಡಿಸಿ. ಹಾರ್ಮೋನು ನಿಲ್ಲಿಸದೆ, 0.9 ಮಿಲಿಗ್ರಾಂನ ಟಿಎಸ್‌ಎಚ್ ಇಂಜೆಕ್ಷನನ್ನು ಎರಡು ದಿನ ಸಾಲಾಗಿ ಕೊಡುವ ದಾರಿಯೂ ಇದೆ. ದುಬಾರಿ, ಆದರೆ ಹೃದಯ ದುರ್ಬಲವಾಗಿದ್ದರೆ ಕೇಳಲೇಬೇಕಾದ ಪ್ರಶ್ನೆ.

ಡೋಸ್ ಕೊಡುವ ದಿನ

ಬೀಟಾ ಬ್ಲಾಕರ್ ಅಂದು ಬೆಳಿಗ್ಗೆಯೂ ತಪ್ಪಬಾರದು. ವಾಂತಿ ಬಾರದಿರಲೆಂದು ಒಂಡಾನ್‌ಸೆಟ್ರಾನ್ ಅಥವಾ ಡೊಂಪೆರಿಡೋನ್ ಕೊಡುವುದುಂಟು. ಎರಡೂ ಕ್ಯೂಟಿ ಉದ್ದ ಮಾಡುತ್ತವೆ. ಸೊಟಲಾಲ್ ನಡೆಯುತ್ತಿದ್ದರೆ, ಅಮಿಯೋಡರೋನ್ ಕೆಲವು ತಿಂಗಳ ಹಿಂದಷ್ಟೇ ನಿಂತಿದ್ದರೆ ಕೊಡುವ ಮೊದಲೇ ಹೇಳಿ. ಎಲ್ಲರಿಗೂ ಹೇಳುವ "ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ" ಎಂಬ ಮಾತು, ನೀರು ಒಂದೂವರೆ ಲೀಟರಿಗೆ ಮಿತಿ ಇರುವ ಹೃದಯ ವೈಫಲ್ಯದ ರೋಗಿಗೆ ಸಲ್ಲದು. ಎಷ್ಟು ಕುಡಿಯಬೇಕೆಂದು ಅಂಕಿಯಲ್ಲೇ ಬರೆಸಿಕೊಳ್ಳಿ. ಗರ್ಭಿಣಿಯರಿಗೆ ಈ ಚಿಕಿತ್ಸೆ ಇಲ್ಲವೇ ಇಲ್ಲ. ಮರಳುವಾಗ ಮಂಗಳೂರಿನಿಂದ ಉಪ್ಪಳ, ಮಂಜೇಶ್ವರದಷ್ಟು ದೂರ ಕಾರಿನ ಹಿಂದಿನ ಸೀಟಿನಲ್ಲಿ ಚಾಲಕರಿಂದ ಓರೆಯಾಗಿ ಕೂತು ಬರಬಹುದು, ತಿರುವನಂತಪುರದಿಂದ ರಾತ್ರಿಯಿಡೀ ತುಂಬಿದ ರೈಲಿನಲ್ಲಿ ಬರುವುದು ಸರಿಯಲ್ಲ. ಮಕ್ಕಳಿಂದ, ಬಸುರಿಯರಿಂದ ಎಷ್ಟು ದಿನ ದೂರ ಇರಬೇಕೆಂಬುದು ಡೋಸ್ ಮೇಲೆ ನಿಂತಿದೆ. ಅದನ್ನು ವಿಭಾಗದವರೇ ಬರೆದು ಕೊಡುತ್ತಾರೆ.

ಆಮೇಲಿನ ತಿಂಗಳುಗಳು

ಹೆಚ್ಚಿನವರು ಎಚ್ಚರ ತಪ್ಪುವುದು ಇಲ್ಲಿ. ಡೋಸ್ ಆದ ಒಂದೆರಡು ವಾರದಲ್ಲಿ ಗ್ರಂಥಿಯೊಳಗಿದ್ದ ಹಾರ್ಮೋನು ಒಮ್ಮೆ ಸೋರಿ ರಕ್ತಕ್ಕೆ ಬರಬಹುದು. ಅದೇ ಹೊತ್ತಿಗೆ ಕಾರ್ಬಿಮಝೋಲ್ ನಿಂತಿರುತ್ತದೆ. ದಿನಕ್ಕೆ ಎರಡು ಸಲ ನಾಡಿ ಎಣಿಸಿ, ಪೂರ್ತಿ 60 ಸೆಕೆಂಡು. ಬಡಿತ ಏರುಪೇರಾಗಿರುವಾಗ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದ ಲೆಕ್ಕ ಸರಿ ಬಾರದು. ಕೂತಲ್ಲೇ 120 ದಾಟಿದರೆ, ಜ್ವರ, ಭೇದಿ, ಗಲಿಬಿಲಿ ಜೊತೆಗೂಡಿದರೆ, ಏದುಸಿರು ಅಥವಾ ಎದೆನೋವು ಬಂದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ರೇಡಿಯೋ ಅಯೋಡಿನ್ ಆದ ತಾರೀಕನ್ನು ಮೊದಲು ಹೇಳಿ. ಅಲ್ಲಿ ಜೀವ ಉಳಿಸಲು ಅಮಿಯೋಡರೋನ್ ಹಾಕಬೇಕೆಂದರೆ ಹಾಕಲಿ, ತಡೆಯಬೇಡಿ. ಹಾಕಿದ್ದನ್ನು ಬರೆಸಿಕೊಂಡರೆ ಸಾಕು.

ಚಿಕಿತ್ಸೆ ಫಲ ಕೊಡುವುದು 6ರಿಂದ 12 ವಾರಗಳಲ್ಲಿ, ಕೆಲವೊಮ್ಮೆ ಆರು ತಿಂಗಳಲ್ಲಿ. ಫಲ ಕೊಡತೊಡಗಿದಂತೆ ನಿನ್ನೆ ಸರಿಯಾಗಿದ್ದ ಮಾತ್ರೆ ಇಂದು ಹೆಚ್ಚಾಗುತ್ತದೆ, ಅಥವಾ ಸಾಲದಾಗುತ್ತದೆ. ಥೈರಾಯ್ಡ್ ಅತಿಯಾಗಿದ್ದಾಗ ಡಿಗಾಕ್ಸಿನ್ ಬೇಗ ಖರ್ಚಾಗುತ್ತಿರುತ್ತದೆ. ಥೈರಾಯ್ಡ್ ಇಳಿದರೆ ಅದೇ ಪ್ರಮಾಣ ವಿಷವಾಗಬಹುದು: ವಾಕರಿಕೆ, ಊಟ ಬೇಡವಾಗುವುದು, ಕಣ್ಣಿಗೆ ಹಳದಿ ಕಾಣುವುದು, ನಿಧಾನ ನಾಡಿ. ಬೀಟಾ ಬ್ಲಾಕರನ್ನೂ ಇಳಿಸಬೇಕಾಗುತ್ತದೆ.

ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಮ್ ತಿನ್ನುವವರ ಲೆಕ್ಕ ಇದಕ್ಕೆ ಉಲ್ಟಾ. ಥೈರಾಯ್ಡ್ ಅತಿಯಾಗಿದ್ದಾಗ ಸ್ವಲ್ಪ ಮಾತ್ರೆಗೇ ರಕ್ತ ತೆಳುವಾಗಿರುತ್ತದೆ, ಥೈರಾಯ್ಡ್ ಇಳಿದಂತೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಅಮಿಯೋಡರೋನ್ ಈ ಮಾತ್ರೆಗಳ ಬಲ ಹೆಚ್ಚಿಸುವ ಮದ್ದು. ಅದಕ್ಕೆಂದೇ ವಾರ್ಫರಿನನ್ನು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಸಿರುತ್ತಾರೆ. ಅಮಿಯೋಡರೋನ್ ಮೈಯಿಂದ ಕರಗುತ್ತ ಹೋದಂತೆ ಆ ಬೆಂಬಲವೂ ಹೋಗುತ್ತದೆ. ಎರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಐಎನ್‌ಆರ್ ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುತ್ತಿರುತ್ತದೆ, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಏರುತ್ತದೆ. ತಿಂಗಳಿಗೊಮ್ಮೆ ನೋಡುತ್ತಿದ್ದ ಐಎನ್‌ಆರ್ ಅನ್ನು ಈ ಕಾಲದಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಒಂದೇ ಲ್ಯಾಬಿನಲ್ಲಿ ನೋಡಿಸಿ. ಡಿಗಾಕ್ಸಿನಿಗೂ ಇದೇ ನೆನಪು ಬೇಕು: ಅಮಿಯೋಡರೋನ್ ಇದ್ದಾಗ ಅರ್ಧಕ್ಕೆ ಇಳಿಸಿದ್ದನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ.

ರಕ್ತಪರೀಕ್ಷೆ 4ರಿಂದ 6 ವಾರಕ್ಕೊಮ್ಮೆ. ಮೊದಲ ತಿಂಗಳುಗಳಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ, ಏಕೆಂದರೆ ಹಾರ್ಮೋನು ಇಳಿದ ಮೇಲೂ ಅದು ಬಹುಕಾಲ ಅದುಮಿಕೊಂಡೇ ಇರುತ್ತದೆ. ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಜೊತೆಗಿರಲಿ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಅದು ಫಲಿತಾಂಶವನ್ನು ಸುಳ್ಳು ಮಾಡುತ್ತದೆ. ಥೈರಾಯ್ಡ್ ಪೂರ್ತಿ ಮಂದವಾಗಿ ಲೆವೊಥೈರಾಕ್ಸಿನ್ ಬೇಕಾದರೆ ಹೃದ್ರೋಗಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು, 4ರಿಂದ 6 ವಾರಕ್ಕೊಮ್ಮೆ ಒಂದೊಂದೇ ಮೆಟ್ಟಿಲು. ಪಕ್ಕದ ಮನೆಯವರು ಮೊದಲ ದಿನದಿಂದಲೇ 100 ತಿನ್ನುತ್ತಿದ್ದಾರೆಂದು ನೀವೂ ಅಲ್ಲಿಗೆ ಹಾರಿದರೆ ಎದೆ ಮತ್ತೆ ಡವಡವ ಎನ್ನತೊಡಗುತ್ತದೆ.